ಬೆಳ್ಳಿಯ ಬಡಿಸುವ ಚಮಚ: ಮುದ್ರೆ ಹೇಳುವುದು, ಆಕಾರ ಹೇಳುವುದು

ಹಳೆಯ ಇಂಗ್ಲಿಷ್ ಬೆಳ್ಳಿಯ ಬಡಿಸುವ ಚಮಚವನ್ನು ಪರಿಶೀಲನೆಗೆ ತರುವವರು ಸಾಮಾನ್ಯವಾಗಿ ಅದರ ಹಿಡಿಯ ಹಿಂಬದಿಯ ಮುದ್ರೆಗಳನ್ನು ತೋರಿಸಿಯೇ ಮಾತು ಆರಂಭಿಸುತ್ತಾರೆ. ಮುದ್ರೆ ಮುಖ್ಯವೇ ಸರಿ. ಆದರೆ ಅದು ಲೋಹವನ್ನು ಒರೆಗೆ ಹಚ್ಚಿದ ಕಾಲವನ್ನಷ್ಟೇ ಹೇಳುತ್ತದೆ. ಆಮೇಲೆ ಆ ಚಮಚ ಯಾರ ಕೈಯಲ್ಲಿ ಏನಾಯಿತೆಂಬುದನ್ನು ಆಕಾರದಿಂದಲೇ ತಿಳಿಯಬೇಕಾಗುತ್ತದೆ.

ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ ಇರಬೇಕೆಂಬ ಸ್ಟರ್ಲಿಂಗ್ ಗುಣಮಟ್ಟವನ್ನು ಇಂಗ್ಲೆಂಡಿನಲ್ಲಿ 1300ರ ಶಾಸನ ಕಡ್ಡಾಯಗೊಳಿಸಿ, ಚಿರತೆಯ ತಲೆಯ ಮುದ್ರೆಯನ್ನು ಜಾರಿಗೆ ತಂದಿತು. 1478ರಲ್ಲಿ ವರ್ಷ ಸೂಚಿಸುವ ಅಕ್ಷರವೂ 1544ರಲ್ಲಿ ನಡೆಯುವ ಸಿಂಹವೂ ಅದರ ಜೊತೆ ಸೇರಿದವು. ನಾಣ್ಯಗಳನ್ನು ಕರಗಿಸಿ ಪಾತ್ರೆ ಮಾಡುವುದನ್ನು ತಡೆಯಲು 1697ರಿಂದ 1720ರವರೆಗೆ ಪಾತ್ರೆಗಳಿಗೆ ಇನ್ನೂ ಶುದ್ಧವಾದ, 958 ಪಾಲಿನ ಬ್ರಿಟಾನಿಯಾ ಬೆಳ್ಳಿಯೇ ಆಗಬೇಕೆಂದು ವಿಧಿಸಲಾಗಿತ್ತು. ಆಳುವ ಅರಸನ ಅಥವಾ ರಾಣಿಯ ತಲೆಯ ಮುದ್ರೆಯಿದ್ದರೆ, ಅದು ತೆರಿಗೆ ಸಂದಾಯವಾದ ಗುರುತು; ಆ ಪದ್ಧತಿ ಇದ್ದುದು 1784ರಿಂದ 1890ರವರೆಗೆ.

ಆಕಾರಗಳ ಹಿಂದೆ ಊಟದ ಕ್ರಮವಿದೆ. 18ನೆಯ ಶತಮಾನದ ಶ್ರೀಮಂತರ ಔತಣಗಳಲ್ಲಿ ಹಲವು ಭಕ್ಷ್ಯಗಳು ಒಟ್ಟಿಗೇ ಮೇಜಿಗೆ ಬರುತ್ತಿದ್ದವು. 19ನೆಯ ಶತಮಾನದಲ್ಲಿ ಒಂದಾದ ಮೇಲೊಂದರಂತೆ ಬಡಿಸುವ ರಷ್ಯನ್ ಕ್ರಮ ಹರಡಿದಾಗ ಒಂದೊಂದು ಭಕ್ಷ್ಯಕ್ಕೂ ಒಂದೊಂದು ಪರಿಕರ ಹುಟ್ಟಿಕೊಂಡಿತು. ಅಮೆರಿಕದ ನೆವಾಡದಲ್ಲಿ 1859ರಲ್ಲಿ ಕಾಮ್‌ಸ್ಟಾಕ್ ಬೆಳ್ಳಿಯ ನಿಕ್ಷೇಪ ಬೆಳಕಿಗೆ ಬಂದ ನಂತರದ ದಶಕಗಳಲ್ಲಿ ಅಲ್ಲಿನ ತಯಾರಕರು ಸಾರ್ಡೀನ್ ಮೀನಿಗೂ ಆಸ್ಪರಾಗಸ್ ತರಕಾರಿಗೂ ಪ್ರತ್ಯೇಕ ಸಾಧನ ಮಾಡಿದರು. ಅಗತ್ಯಕ್ಕಿಂತ ಆಡಂಬರವೇ ಅಲ್ಲಿ ಹೆಚ್ಚೆಂದು ನನ್ನ ಅಭಿಪ್ರಾಯ. ಮಜ್ಜೆ ತೆಗೆಯುವ ಹಳೆಯ ಕಡ್ಡಿ ಹಾಗಲ್ಲ: ದಪ್ಪ ಮೂಳೆಗೊಂದು, ಸಣ್ಣ ಮೂಳೆಗೊಂದು ಎಂದು ಎರಡೂ ತುದಿಗಳಲ್ಲಿ ಬೇರೆ ಬೇರೆ ಅಗಲದ ದೋಣಿಯಾಕಾರದ ತೋಡು ಅದಕ್ಕಿದೆ.

ಹೆಚ್ಚು ಗೊಂದಲ ಹುಟ್ಟಿಸುವುದು ಒಳಗುಣಿಯಲ್ಲಿ ಹಣ್ಣುಗಳ ಉಬ್ಬು ಕೆತ್ತನೆಯಿರುವ, ಚಿನ್ನದ ಗಿಲೀಟು ಹಾಕಿದ ಚಮಚ. ಅದರ ಮುದ್ರೆ 18ನೆಯ ಶತಮಾನದ್ದು, ಅಸಲಿಯೇ. ಆದರೆ ಆ ಕಾಲದಲ್ಲಿ ಅದು ಸಾದಾ ಚಮಚವಾಗಿತ್ತು, ಹಣ್ಣುಗಳು ಬಂದದ್ದು ವಿಕ್ಟೋರಿಯಾ ಕಾಲದ ಅಭಿರುಚಿಯಿಂದ. ಅದನ್ನು ಮಗುಚಿ ನೋಡಿದರೆ ಸುತ್ತಿಗೆಯ ಪೆಟ್ಟಿಗೆ ಬೆನ್ನಿನಲ್ಲೂ ಹಣ್ಣುಗಳ ಪಡಿಯಚ್ಚು ಮೂಡಿರುತ್ತದೆ, ಹಿಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೊಸ ಬಳ್ಳಿಯ ಕೆಳಗೆ ಹಳೆಯ ಮಾಲೀಕರ ಹೆಸರಿನ ಅಕ್ಷರಗಳು ಅಳಿಸಿದ ಗುರುತು ಕೆಲವೊಮ್ಮೆ ಕಾಣುತ್ತದೆ. ಸಾರಿನ ಪುಟ್ಟ ಸೌಟಿಗೆ ತೂತು ಕೊರೆದು ಸಕ್ಕರೆ ಉದುರಿಸುವ ಜರಡಿಯಾಗಿಸಿದ್ದೂ ಇದೇ ಜಾತಿಯದು. ಬೇರೆಡೆ ಸವೆದು ನುಣುಪಾದ ಬೆಳ್ಳಿಯಲ್ಲಿ ತೂತುಗಳ ಅಂಚು ಮಾತ್ರ ಹರಿತವಾಗಿದ್ದರೆ ಅನುಮಾನಪಡಬೇಕು. ಇಂಥವನ್ನು ಬದಲಾಯಿಸಿದ ವಸ್ತುವೆಂದು ಹೇಳಿ ಮಾರಿದರೆ ನನ್ನ ತಕರಾರಿಲ್ಲ, ಮೂಲರೂಪದ್ದೆಂದು ಮಾರುವುದೇ ತಪ್ಪು.

ಅಂಚು ಸವೆದು ತಾಮ್ರ ಇಣುಕುತ್ತಿದ್ದರೆ ಅದು ಇಡೀ ಬೆಳ್ಳಿಯಲ್ಲ, ಥಾಮಸ್ ಬೋಲ್ಸೋವರ್ 1743ರ ಸುಮಾರಿಗೆ ಕಂಡುಹಿಡಿದ ಶೆಫೀಲ್ಡ್ ಪ್ಲೇಟ್, ಅಂದರೆ ಬೆಳ್ಳಿಯ ತಗಡು ಬೆಸೆದ ತಾಮ್ರ, ಇರಬಹುದು. 1840ರಲ್ಲಿ ಎಲ್ಕಿಂಗ್‌ಟನ್ ಅವರು ವಿದ್ಯುಲ್ಲೇಪನಕ್ಕೆ, ಅಂದರೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಪದರ ಕೂರಿಸುವ ವಿಧಾನಕ್ಕೆ, ಪೇಟೆಂಟ್ ಪಡೆದ ಮೇಲೆ ಅದರ ಬೇಡಿಕೆ ಕುಗ್ಗಿತು. ಇಡೀ ಬೆಳ್ಳಿಯಾಗಲಿ, ಮೇಲಷ್ಟೇ ಬೆಳ್ಳಿ ಇರುವುದಾಗಲಿ, ಪದೇ ಪದೇ ಉಜ್ಜಬಾರದು, ಏಕೆಂದರೆ ಪ್ರತಿ ಸಲವೂ ಒಂದಿಷ್ಟು ಬೆಳ್ಳಿ ಬಟ್ಟೆಗೆ ಹೋಗುತ್ತದೆ, ಮೊದಲು ಅಳಿಯುವುದು ನಮಗೆ ಬೇಕಾದ ಸೂಕ್ಷ್ಮ ಗುರುತುಗಳೇ.