ಬಳಪದ ಕಲ್ಲು, ಪರಮಾಣು, ಮಷಿನ್ ಲರ್ನಿಂಗ್: ಒಂದು ಅಧ್ಯಯನ ಟಿಪ್ಪಣಿ

ಪರಮಾಣುಗಳ ಮೇಲಿನ ಬಲವನ್ನು ಮಷಿನ್ ಲರ್ನಿಂಗ್‌ನಿಂದ, ಅಂದರೆ ಉದಾಹರಣೆ ನೋಡಿ ಕಂಪ್ಯೂಟರೇ ಕಲಿಯುವ ವಿಧಾನದಿಂದ, ಲೆಕ್ಕ ಹಾಕುವುದನ್ನು ಹೇಳಿಕೊಡುವಾಗ ಸಾಮಾನ್ಯವಾಗಿ ಸಿಲಿಕಾನ್ ಉದಾಹರಣೆ ಕೊಡುತ್ತಾರೆ. ಹಾಸನದಲ್ಲಿ ಕೂತು ಓದುವ ನಮಗೆ ಬೇಲೂರು, ಹಳೇಬೀಡಿನ ಬಳಪದ ಕಲ್ಲೇ ಹತ್ತಿರ ಅಲ್ವಾ? ಕ್ಲೋರೈಟ್, ಟಾಲ್ಕ್‌ನಂಥ ಮೆತ್ತನೆಯ ಖನಿಜಗಳು ಇರುವುದರಿಂದಲೇ ಅದರ ಮೇಲೆ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಗುತ್ತದೆ. ಎರಡೂ ಪದರ ಪದರವಾಗಿರುವ ಖನಿಜಗಳು. ಲೆಕ್ಕಕ್ಕೆ ಸುಲಭ ಅಂತ ಟಾಲ್ಕ್ ತೆಗೆದುಕೊಳ್ಳೋಣ. ಅದರ ಸೂತ್ರದಲ್ಲಿ 3 ಮೆಗ್ನೀಸಿಯಂ, 4 ಸಿಲಿಕಾನ್, 12 ಆಮ್ಲಜನಕ, 2 ಜಲಜನಕ, ಒಟ್ಟು 21 ಪರಮಾಣು. ಪದರದ ಒಳಗೆ ಬಂಧ ಗಟ್ಟಿ. ಪದರ ಪದರಗಳ ನಡುವೆ ಇರುವುದು ದುರ್ಬಲವಾದ ವ್ಯಾನ್ ಡರ್ ವಾಲ್ಸ್ ಸೆಳೆತ. ಅದಕ್ಕೇ ಉಗುರಿನಲ್ಲಿ ಗೀರಿದರೂ ಗೀಟು ಬೀಳುತ್ತದೆ.

ಪ್ರಶ್ನೆ ಇದು: ಒಂದು ಪದರ ಇನ್ನೊಂದರ ಮೇಲೆ ಹೇಗೆ ಜಾರುತ್ತದೆ? ಕಂಪ್ಯೂಟರ್‌ನಲ್ಲಿ ನೋಡಬೇಕೆಂದರೆ ಪ್ರತಿ ಪರಮಾಣುವಿನ ಮೇಲಿನ ಬಲ ಗೊತ್ತಿರಬೇಕು. ಬಲ ಸಿಕ್ಕರೆ ಮುಂದಿನದು ನ್ಯೂಟನ್ ನಿಯಮ, ಸುಮಾರು 1 ಫೆಮ್ಟೊಸೆಕೆಂಡಿಗೆ ಒಂದು ಹೆಜ್ಜೆ. ಬರೀ 1 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ನೋಡಲು 10 ಲಕ್ಷ ಹೆಜ್ಜೆ ಬೇಕು.

ಬಲ ಲೆಕ್ಕ ಹಾಕುವ ನಂಬಿಕಸ್ಥ ದಾರಿ ಡಿಎಫ್‌ಟಿ (ಡೆನ್ಸಿಟಿ ಫಂಕ್ಷನಲ್ ಥಿಯರಿ), ಅಂದರೆ ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ಲೆಕ್ಕ ಮಾಡುವ ಕ್ವಾಂಟಂ ವಿಧಾನ. ಕೋನ್ ಮತ್ತು ಶ್ಯಾಮ್ 1965ರಲ್ಲಿ ಕೊಟ್ಟ ಸಮೀಕರಣಗಳೇ ಇದಕ್ಕೆ ತಳಹದಿ. ಕೋನ್ ಅವರಿಗೆ 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕಷ್ಟ ಏನೆಂದರೆ, ಪರಮಾಣುಗಳನ್ನು ಎರಡು ಪಟ್ಟು ಮಾಡಿದರೆ ಕೆಲಸ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಕೆಲವು ನೂರು ಪರಮಾಣು ದಾಟಿದರೆ ಉಸಿರು ಕಟ್ಟುತ್ತದೆ. ಲೆನಾರ್ಡ್-ಜೋನ್ಸ್ ತರಹದ ಸಿದ್ಧ ಸೂತ್ರಗಳು ಬಹಳ ವೇಗ. ಆದರೆ ಅವುಗಳ ಆಕಾರ ಮೊದಲೇ ನಿಗದಿಯಾಗಿರುತ್ತದೆ, ಬಂಧ ಮುರಿದು ಹೊಸದಾಗಿ ಕೂಡುವ ಕಡೆ ಸೋಲುತ್ತವೆ.

ಇವೆರಡರ ನಡುವೆ ಬಂದದ್ದು ಮಷಿನ್ ಲರ್ನಿಂಗ್. ಡಿಎಫ್‌ಟಿಯಲ್ಲಿ ಒಂದಷ್ಟು ಜೋಡಣೆಗಳ ಲೆಕ್ಕ ಮಾಡಿ, ಆ ಉತ್ತರಗಳನ್ನು ಒಂದು ಕಂಪ್ಯೂಟರ್ ಮಾದರಿಗೆ (ಮಾಡೆಲ್) ಕಲಿಸಬೇಕು. 2007ರಲ್ಲಿ ಬೇಲರ್ ಮತ್ತು ಪರಿನೆಲ್ಲೊ ತೋರಿಸಿದ ಉಪಾಯ ಸರಳ, ಆದರೆ ಇಡೀ ವಿಷಯದ ಜೀವ ಅದೇ. ಒಟ್ಟು ಶಕ್ತಿಯನ್ನು ಒಂದೊಂದು ಪರಮಾಣುವಿನ ಪಾಲಾಗಿ ಒಡೆದರು. ಆ ಪಾಲು ಅಕ್ಕಪಕ್ಕದ, ಸುಮಾರು 6 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಒಳಗಿನ ನೆರೆಯವರ ಮೇಲೆ ಮಾತ್ರ ನಿಂತಿದೆ ಎಂದುಕೊಂಡರು. ಹಾಗಾಗಿ ನೂರು ಪರಮಾಣುಗಳಲ್ಲಿ ಕಲಿತ ಮಾದರಿಯನ್ನು ಲಕ್ಷ ಪರಮಾಣುಗಳ ಮೇಲೂ ಓಡಿಸಬಹುದು.

ನೆರೆಯವರ ಎಕ್ಸ್, ವೈ, ಝಡ್ ಅಂಕಿಗಳನ್ನು ಸುಮ್ನೆ ಹಾಗೇ ಕೊಡುವಂತಿಲ್ಲ. ಹರಳನ್ನು ತಿರುಗಿಸಿದರೆ ಅಂಕಿ ಬದಲಾಗುತ್ತದೆ, ಶಕ್ತಿ ಬದಲಾಗುವುದಿಲ್ಲ. ಅದಕ್ಕೆ ದೂರ ಮತ್ತು ಕೋನಗಳಿಂದ ಮಾಡಿದ ಅಂಕಿಗಳನ್ನು ಕೊಡುತ್ತಾರೆ.

ವೈವಾದಲ್ಲಿ ಕೇಳಬಹುದಾದ್ದು: ಒಂದು ಡಿಎಫ್‌ಟಿ ಲೆಕ್ಕದಿಂದ ಎಷ್ಟು ಪಾಠ ಸಿಗುತ್ತದೆ? 168 ಪರಮಾಣುಗಳ ಟಾಲ್ಕ್ ತುಂಡಾದರೆ ಶಕ್ತಿ ಒಂದೇ ಅಂಕಿ. ಬಲಗಳು ಮಾತ್ರ, ಪ್ರತಿ ಪರಮಾಣುವಿಗೆ ಮೂರು ದಿಕ್ಕಿನಂತೆ, 168 ಗುಣಿಸು 3, ಅಂದರೆ 504. ಕಲಿಕೆಯ ಬಹುಪಾಲು ಬಲದಿಂದಲೇ ಬರುತ್ತದೆ.

ಇನ್ನು ನನ್ನ ಪ್ರಕಾರ ಜಾಸ್ತಿ ಹೊತ್ತು ಕೂರಬೇಕಾದ ಜಾಗ. ಮಾದರಿ ಕಲಿಯುವುದು ನಿಸರ್ಗದಿಂದ ಅಲ್ಲ, ಡಿಎಫ್‌ಟಿಯಿಂದ. ತುಂಬ ಬಳಕೆಯಲ್ಲಿರುವ ಪಿಬಿಇ ಎಂಬ ಡಿಎಫ್‌ಟಿ ವಿಧಾನಕ್ಕೆ ವ್ಯಾನ್ ಡರ್ ವಾಲ್ಸ್ ಸೆಳೆತ ಸರಿಯಾಗಿ ಕಾಣುವುದಿಲ್ಲ. ಪದರದ ಖನಿಜಕ್ಕೆ ಅದೇ ಮುಖ್ಯ! ಪಿಬಿಇ ಪದರಗಳನ್ನು ದೂರ ದೂರ ನಿಲ್ಲಿಸಿದರೆ ಮಾದರಿಯೂ ಹಾಗೇ ನಿಲ್ಲಿಸುತ್ತದೆ. ಪರೀಕ್ಷೆಯ ದತ್ತಾಂಶವೂ ಅದೇ ಪಿಬಿಇಯಿಂದ ಬಂದದ್ದು, ಆದ್ದರಿಂದ ದೋಷದ ಅಂಕಿ ಚಿಕ್ಕದಾಗೇ ಕಾಣುತ್ತದೆ. ಮೇಷ್ಟ್ರ ಮಗ್ಗಿಯಲ್ಲೇ ತಪ್ಪಿದ್ದರೆ ಹುಡುಗ ಅದನ್ನೇ ಗಟ್ಟಿಯಾಗಿ ಒಪ್ಪಿಸುತ್ತಾನೆ, ಮೇಷ್ಟ್ರೂ ನೂರಕ್ಕೆ ನೂರು ಕೊಡುತ್ತಾರೆ. ಇದಕ್ಕೆ, ಬಿಟ್ಟುಹೋದ ಈ ಸೆಳೆತವನ್ನು ಕೂಡಿಸಿಕೊಡುವ, 2010ರಲ್ಲಿ ಗ್ರಿಮೆ ತಂಡ ಕೊಟ್ಟ ಡಿ3 ತಿದ್ದುಪಡಿಯನ್ನು ಸೇರಿಸಬಹುದು. ಈ ಸೆಳೆತದ ಬಾಲ 6 ಆಂಗ್‌ಸ್ಟ್ರಾಂ ಆಚೆಗೂ ಚಾಚಿರುತ್ತದೆ. ಹಾಗಾಗಿ ಅದನ್ನು ಮಾದರಿಗೆ ಕಲಿಸದೆ, ಕೊನೆಯಲ್ಲಿ ಬೇರೆಯಾಗಿ ಕೂಡಿಸುವವರೂ ಇದ್ದಾರೆ.

ಇನ್ನೊಂದು ತೊಂದರೆ, ನೋಡದ ಜೋಡಣೆ. ಪದರಗಳು ನೆಟ್ಟಗೆ ಕೂತಿರುವಾಗಿನ ಲೆಕ್ಕಗಳಷ್ಟನ್ನೇ ಕಲಿಸಿ ಆಮೇಲೆ ಜಾರಿಸಿದರೆ, ಮಾದರಿ ಹಿಂಜರಿಯದೆ ಏನೋ ಒಂದು ಬಲ ಹೇಳಿಬಿಡುತ್ತದೆ. ಕೆಲವೊಮ್ಮೆ ಪರಮಾಣುಗಳು ಚೆಲ್ಲಾಪಿಲ್ಲಿಯಾಗುತ್ತವೆ, ಅದು ಪುಣ್ಯ, ತಪ್ಪು ಕಣ್ಣಿಗೆ ಬೀಳುತ್ತದೆ. ಏನೂ ಆಗದಂತೆ ಸಲೀಸಾಗಿ ಓಡಿದಾಗಲೇ ಅಪಾಯ. ಒಂದೇ ದತ್ತಾಂಶದ ಮೇಲೆ ಬೇರೆ ಬೇರೆ ಆರಂಭದಿಂದ ಮೂರ್ನಾಲ್ಕು ಮಾದರಿ ತಯಾರಿಸಿ. ಅವುಗಳ ಉತ್ತರ ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಹೊಸ ಡಿಎಫ್‌ಟಿ ಲೆಕ್ಕ ಮಾಡಿ ಮತ್ತೆ ಕಲಿಸಿ. ಆಕ್ಟಿವ್ ಲರ್ನಿಂಗ್ ಅಂದರೆ ಇಷ್ಟೇ.

ಎಲ್ಲವನ್ನೂ ನಾವೇ ಕಲಿಸಬೇಕಿಲ್ಲ. 2023ರಲ್ಲಿ ಬಂದ ಮೇಸ್-ಎಂಪಿ-0 ಮಾದರಿ 89 ಮೂಲಧಾತುಗಳಿಗೆ ಸಿದ್ಧವಾಗಿದೆ, ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಸಣ್ಣ ಹರಳು ಓಡುತ್ತದೆ. ಆದರೆ ಅದು ಕಲಿತದ್ದೂ ಪಿಬಿಇ ಲೆಕ್ಕಗಳಿಂದಲೇ. ಮೊದಲು ಟಾಲ್ಕ್ ಹರಳನ್ನು ಡಿ3 ಇಲ್ಲದೆ ಒಮ್ಮೆ, ಡಿ3 ಸೇರಿಸಿ ಒಮ್ಮೆ, ಶಕ್ತಿ ಕಡಿಮೆ ಇರುವ ಜೋಡಣೆಗೆ ನೆಲೆಗೊಳ್ಳಲು ಬಿಡಿ. ಎಕ್ಸ್-ರೇ ಅಳತೆಯಲ್ಲಿ ಪದರದಿಂದ ಪದರಕ್ಕೆ ಸುಮಾರು 9.35 ಆಂಗ್‌ಸ್ಟ್ರಾಂ ಇದೆ. ನಿಮ್ಮ ಎರಡು ಅಂಕಿಗಳನ್ನು ಅದರ ಪಕ್ಕ ಬರೆದುಕೊಂಡು, ಆಮೇಲೆ ಪದರ ಜಾರಿಸುವ ಕೆಲಸಕ್ಕೆ ಕೈ ಹಾಕಿ.