ಎಣ್ಣೆಯ ಬಾಟಲಿಯನ್ನೂ ಡಾಕ್ಟರಿಗೆ ತೋರಿಸಿ

"ಬೇರೆ ಏನಾದರೂ ಔಷಧಿ ತಗೋತಿದ್ದೀರಾ?" ಹಾಸನದ ನನ್ನ ಕ್ಲಿನಿಕ್‌ಗೆ ಬರುವ ಎಲ್ಲರನ್ನೂ ನಾನು ಇದನ್ನು ಕೇಳುತ್ತೇನೆ. "ಇಲ್ಲ ಮೇಡಂ" ಅನ್ನುತ್ತಾರೆ. ಚೀಲ ತೆಗೆದು ನೋಡಿದರೆ ಬಿಪಿ, ಶುಗರ್ ಮಾತ್ರೆಗಳ ಜೊತೆಗೆ ಡ್ರಾಪರ್ ಇರುವ ಪುಟ್ಟ ಬಾಟಲಿ. ಸಿಬಿಡಿ ಎಣ್ಣೆ. ಕೆಲವದರ ಮೇಲೆ 'ವಿಜಯ' ಎಂದು ಬರೆದಿರುತ್ತದೆ. ಮಂಡಿನೋವಿಗೆ, ನಿದ್ದೆಗೆ ಅಂತ ಬೆಂಗಳೂರಿನಲ್ಲಿರುವ ಮಗನೋ ಮಗಳೋ ತರಿಸಿಕೊಟ್ಟಿರುತ್ತಾರೆ. ಯಾಕೆ ಹೇಳಲಿಲ್ಲ ಅಂದರೆ ಎಲ್ಲರದೂ ಒಂದೇ ಉತ್ತರ: "ಅದು ಗಿಡದ್ದು ಅಲ್ವಾ?"

ಗಿಡದ್ದೇ, ಗಾಂಜಾ ಗಿಡದ್ದು. 'ವಿಜಯ' ಅನ್ನುವುದು ಆಯುರ್ವೇದದಲ್ಲಿ ಗಾಂಜಾದ ಹೆಸರೇ. ಅಮಲು ಬರಿಸುವುದು ಅದರಲ್ಲಿರುವ ಟಿಎಚ್‌ಸಿ. ಅದು ಮೆದುಳಿನ ಸಿಬಿ1 ಎಂಬ ಗ್ರಾಹಕಗಳಿಗೆ (ಜೀವಕೋಶಗಳ ಮೇಲೆ ಇಂಥ ವಸ್ತುಗಳು ಬಂದು ಕೂರುವ ಜಾಗಗಳಿಗೆ) ನೇರವಾಗಿ ಅಂಟಿಕೊಳ್ಳುತ್ತದೆ. ಅದೇ ಗಿಡದ ಇನ್ನೊಂದು ಅಂಶವಾದ ಸಿಬಿಡಿ ಹಾಗೆ ಅಂಟಿಕೊಳ್ಳುವುದಿಲ್ಲ, ಆದ್ದರಿಂದ ಅದೊಂದರಿಂದಲೇ ಅಮಲು ಬರುವುದಿಲ್ಲ. ಆದರೆ ಇಡೀ ಎಲೆಯ ಸಾರ ಹಾಕಿದ ಎಣ್ಣೆಯಲ್ಲಿ ಎರಡೂ ಇರಬಹುದು. ಲೇಬಲ್ ಓದಿ. ಅಡುಗೆಗೆ ಬಳಸುವ ಹೆಂಪ್ ಬೀಜದ ಎಣ್ಣೆ ಬೇರೆಯೇ. ಅದರಲ್ಲಿ ಸಿಬಿಡಿ ಹೆಚ್ಚುಕಡಿಮೆ ಇರುವುದೇ ಇಲ್ಲ.

ಸಿಬಿಡಿ ಕೆಲಸ ಮಾಡುತ್ತದಾ? ಕೆಲವು ಕಾಯಿಲೆಗಳಲ್ಲಿ ಖಂಡಿತ ಮಾಡುತ್ತದೆ. ಡ್ರಾವೆ, ಲೆನಾಕ್ಸ್-ಗ್ಯಾಸ್ಟೋ ಎಂಬ ತೀವ್ರ ಮೂರ್ಛೆರೋಗಗಳು ಮಕ್ಕಳಲ್ಲಿ ಬರುತ್ತವೆ. ಇವಕ್ಕೆ ಶುದ್ಧ ಸಿಬಿಡಿಯನ್ನು 2018ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿದರು. ಅಲ್ಲಿ ಕೊಡುವ ಡೋಸ್ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 10ರಿಂದ 20 ಮಿಲಿಗ್ರಾಂ. ಅಂದರೆ 20 ಕಿಲೋ ತೂಕದ ಮಗುವಿಗೆ 200ರಿಂದ 400 ಮಿಲಿಗ್ರಾಂ. ಮಂಡಿನೋವಿಗೆ ಅಷ್ಟು ಗಟ್ಟಿ ಪುರಾವೆ ಇಲ್ಲ. ಹಾಗಂತ ತೋಟದಲ್ಲಿ ದುಡಿದು ಮಂಡಿ ಸವೆದವರಿಗೆ ನಾನು ಬೈಯುವುದಿಲ್ಲ. ಅವರ ನೋವು ನಿಜ. ಸ್ವಲ್ಪ ಹಾಯಾಗಿರಲಿ ಅಂತ ಮಕ್ಕಳು ತರಿಸಿಕೊಟ್ಟದ್ದರಲ್ಲಿ ತಪ್ಪೂ ಇಲ್ಲ.

ನನಗೆ ತಾಳ್ಮೆ ತಪ್ಪುವುದು 'ಗಿಡದ್ದು, ಅದಕ್ಕೇ ಹೇಳಲಿಲ್ಲ' ಅನ್ನುವ ಮಾತಿಗೆ.

ನೀವು ನುಂಗುವ ಮಾತ್ರೆ ಕೆಲಸ ಮುಗಿಸಿದ ಮೇಲೆ ದೇಹದಿಂದ ಹೊರಗೆ ಹೋಗಬೇಕು. ಎಷ್ಟೋ ಔಷಧಿಗಳನ್ನು ಒಡೆದು ಕಳಿಸುವುದು ಲಿವರ್‌ನಲ್ಲಿರುವ ಕಿಣ್ವಗಳು. ಸಿಬಿಡಿಯನ್ನು ಒಡೆಯುವುದೂ ಅವೇ. ಅಷ್ಟೇ ಅಲ್ಲ, ಸಿಬಿಡಿ ಕೆಲವು ಕಿಣ್ವಗಳ ಕೈಯನ್ನೇ ಕಟ್ಟಿಹಾಕುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಲು ಇರುವ ಒಂದೇ ಪಲ್ಪರ್‌ಗೆ ಎರಡು ತೋಟದ ಹಣ್ಣು ಬಂದು ಬಿದ್ದರೆ ಏನಾಗುತ್ತದೆ? ಹಣ್ಣು ರಾಶಿ ಬೀಳುತ್ತದೆ. ಹಾಗೆಯೇ ನಿಮ್ಮ ಹಳೆಯ ಮಾತ್ರೆ ರಕ್ತದಲ್ಲಿ ಉಳಿದು ಜಾಸ್ತಿಯಾಗುತ್ತದೆ. ನುಂಗಿದ್ದು ದಿನಾ ನುಂಗುವ ಒಂದೇ ಮಾತ್ರೆ. ರಕ್ತದಲ್ಲಿ ಮಾತ್ರ ಎರಡು ನುಂಗಿದಷ್ಟು ಇರಬಹುದು.

ಬೇಲೂರು ಕಡೆಯ ಒಬ್ಬ ಅಜ್ಜಿ. ಹೃದಯದ ಕವಾಟ ಬದಲಿಸಿಕೊಂಡವರು, ರಕ್ತ ತೆಳುವಾಗಿಡುವ ವಾರ್ಫರಿನ್ ತಗೊಳ್ಳುವವರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಹೇಳುವ ಐಎನ್‌ಆರ್ ಪರೀಕ್ಷೆಯನ್ನು ತಿಂಗಳು ತಪ್ಪದೆ ಮಾಡಿಸುತ್ತಿದ್ದರು; ಅದರ ಅಂಕಿ ಏರಿದಷ್ಟೂ ರಕ್ತ ಸೋರುವ ಅಪಾಯ ಹೆಚ್ಚು. ವರ್ಷಗಳಿಂದ 3ರ ಆಸುಪಾಸಿನಲ್ಲೇ ಇತ್ತು. ಒಂದು ಸಲ ವಸಡಿನಲ್ಲಿ ರಕ್ತ, ತೋಳಿನ ಮೇಲೆ ನೀಲಿ ಕಲೆಗಳೊಂದಿಗೆ ಬಂದರು. ಐಎನ್‌ಆರ್ 6 ದಾಟಿತ್ತು. ಮಾತ್ರೆ ಹೆಚ್ಚಾಗಿ ನುಂಗಿಲ್ಲ, ಊಟ ಬದಲಾಗಿಲ್ಲ. ಸೊಸೆಯನ್ನು ಮತ್ತೆ ಮತ್ತೆ ಕೇಳಿದ ಮೇಲೆ ಬಾಟಲಿ ಹೊರಗೆ ಬಂತು. "ಅದು ಮಾತ್ರೆ ಅಲ್ವಲ್ಲ ಮೇಡಂ, ಎಣ್ಣೆ" ಅಂದರು. ಪುಣ್ಯಕ್ಕೆ ರಕ್ತ ಒಳಗೆಲ್ಲೂ ಸೋರಿರಲಿಲ್ಲ. ಮೆದುಳಿನಲ್ಲಿ ಆಗಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಫಿಟ್ಸ್‌ಗೆ ಕೊಡುವ ಕ್ಲೊಬಜಾಮ್ ಜೊತೆಗೂ ಹೀಗೆಯೇ. ಮಗು ಕ್ಲಾಸಿನಲ್ಲಿ ತೂಕಡಿಸುತ್ತಲೇ ಇರುತ್ತದೆ. ಫಿಟ್ಸ್‌ನ ಇನ್ನೊಂದು ಔಷಧಿ ವಾಲ್‌ಪ್ರೊಯೇಟ್ ಜೊತೆ ಸೇರಿದರೆ ಲಿವರ್‌ಗೆ ಪೆಟ್ಟು ಬೀಳುವ ಅಪಾಯ ಜಾಸ್ತಿ. ಕಿಡ್ನಿ ಕಸಿ ಮಾಡಿಸಿಕೊಂಡವರು ತಗೊಳ್ಳುವ ಟ್ಯಾಕ್ರೊಲಿಮಸ್ ಕೂಡ ರಕ್ತದಲ್ಲಿ ಏರುತ್ತದೆ.

ನಾಲ್ಕು ಹನಿ ಹಾಕಿಕೊಂಡ ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಡೋಸ್ ಹೆಚ್ಚಿದಷ್ಟೂ ಪರಿಣಾಮ ಹೆಚ್ಚು. ಆದರೆ ನಿಮ್ಮ ದೇಹಕ್ಕೆ ಎಷ್ಟು ಸೇರುತ್ತಿದೆ ಎಂಬುದನ್ನು ಹನಿ ಎಣಿಸಿ ಹೇಳಲಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ರಕ್ತಕ್ಕೆ ಸೇರುವುದು ತೀರ ಸ್ವಲ್ಪ. ಜಿಡ್ಡು ಜಾಸ್ತಿ ಇರುವ ಊಟದ ಜೊತೆ ತಗೊಂಡರೆ ಅದು ನಾಲ್ಕು ಪಟ್ಟಿನವರೆಗೆ ಏರಬಹುದು. ನಿನ್ನೆ ಬೆಳಿಗ್ಗೆ ಸುಮ್ನೆ ಎಣ್ಣೆ ಮಾತ್ರ, ಇವತ್ತು ಬೆಣ್ಣೆ ಹಾಕಿದ ಅಕ್ಕಿ ರೊಟ್ಟಿ ತಿಂದು ಎಣ್ಣೆ. ಹನಿ ಅಷ್ಟೇ, ಡೋಸ್ ಬೇರೆ.

ಈಗಾಗಲೇ ಈ ಎಣ್ಣೆ ತಗೊಳ್ಳುತ್ತಿದ್ದರೆ ಹೆದರಬೇಡಿ. ಬಾಟಲಿ ತನ್ನಿ. ಯಾವಾಗ ಶುರು ಮಾಡಿದಿರಿ, ಎಷ್ಟು, ಊಟದ ಮೊದಲೋ ಆಮೇಲೋ, ಹೇಳಿ. ಅಗತ್ಯ ಬಿದ್ದರೆ ಲಿವರ್ ಪರೀಕ್ಷೆ ಮಾಡಿಸಿ, ಮಾತ್ರೆಯ ಅಳತೆ ಸರಿಮಾಡಬಹುದು. ಎಣ್ಣೆ ಸಿಕ್ಕಿತು ಅಂತ ಫಿಟ್ಸ್ ಮಾತ್ರೆಯನ್ನು ಮಾತ್ರ ನೀವೇ ಬಿಡಬೇಡಿ.

ಎಣ್ಣೆ ನಿಲ್ಲಿಸುವಾಗಲೂ ಹೇಳಿ. ಇದನ್ನು ಯಾರೂ ಹೇಳುವುದಿಲ್ಲ. ಎಣ್ಣೆಗೆ ತಕ್ಕಂತೆ ವಾರ್ಫರಿನ್ ಕಡಿಮೆ ಮಾಡಿರುತ್ತೇವೆ. ಬಾಟಲಿ ಮುಗಿಯಿತು ಅಂತ ಸುಮ್ಮನಾದರೆ ಕಿಣ್ವಗಳು ಮತ್ತೆ ಮೊದಲಿನಂತೆ ಕೆಲಸ ಮಾಡುತ್ತವೆ. ಆಗ ಆ ಕಡಿಮೆ ಮಾತ್ರೆ ಸಾಲದೆ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಒಂದು ಫೋನ್ ಮಾಡಿ, ಆ ವಾರವೇ ಇನ್ನೊಮ್ಮೆ ಐಎನ್‌ಆರ್ ನೋಡೋಣ.