ಅರೆ ಅಧಿಕಾರದ ಊರು: ರೋಮ್‌ನ ಹತ್ತನೇ ಮುನಿಚೀಪಿಯೊ

2015ರ ಆಗಸ್ಟ್ 27ರಂದು ಇಟಲಿಯ ಸಚಿವ ಸಂಪುಟ ರೋಮ್ ಮಹಾನಗರದ ಒಂದು ವಿಭಾಗದ ಚುನಾಯಿತ ಆಡಳಿತವನ್ನು ವಿಸರ್ಜಿಸಿತು. ಮಾಫಿಯಾ ಒಳನುಸುಳಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಮಹಾನಗರ ಪಾಲಿಕೆಯನ್ನು ಮುಟ್ಟಲಿಲ್ಲ, ಮೇಯರ್ ಕುರ್ಚಿಯೂ ಆಗ ಅಲುಗಲಿಲ್ಲ. ಹದಿನೈದು ವಿಭಾಗಗಳ ಪೈಕಿ ಹತ್ತನೆಯದಕ್ಕೆ ಮಾತ್ರ ಆಡಳಿತಾಧಿಕಾರಿ ಬಂದು ಕುಳಿತರು. ಆ ವಿಭಾಗದ ಕೇಂದ್ರ ಓಸ್ತಿಯಾ, ರೋಮ್ ಜನ 'ನಮ್ಮ ಕಡಲು' ಎಂದು ಹೇಳಿಕೊಳ್ಳುವ ತೀರ.

ಈ ವಿಭಾಗಗಳಿಗೆ ಇಟಲಿಯಲ್ಲಿ ಮುನಿಚೀಪಿಯೊ ಎನ್ನುತ್ತಾರೆ. ನಮ್ಮ ವಾರ್ಡ್‌ನಂತೆ ಸಣ್ಣದು ಎಂದುಕೊಳ್ಳಬೇಡಿ. ಹತ್ತನೇ ಮುನಿಚೀಪಿಯೊದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ವಿಸ್ತೀರ್ಣ ಸುಮಾರು 150 ಚದರ ಕಿಲೋಮೀಟರ್. ಪ್ರತ್ಯೇಕ ನಗರವಾಗಿದ್ದರೆ ಈಶಾನ್ಯ ಇಟಲಿಯ ಬಂದರು ನಗರ ತ್ರಿಯೆಸ್ತೆಗಿಂತ ದೊಡ್ಡ ಊರಾಗುತ್ತಿತ್ತು. ಅಧ್ಯಕ್ಷರಿದ್ದಾರೆ, ಪರಿಷತ್ತಿದೆ, ಚುನಾವಣೆ ನಡೆಯುತ್ತದೆ. ಆದರೆ ಸ್ವಂತ ತೆರಿಗೆ ಹಾಕುವ ಅಧಿಕಾರವಿಲ್ಲ. ಅನುದಾನ ರಾಜಧಾನಿಯ ಪಾಲಿಕೆಯಿಂದ ಬರಬೇಕು, ದೊಡ್ಡ ತೀರ್ಮಾನಗಳೂ ಅಲ್ಲಿಂದಲೇ ಬರಬೇಕು. 2015ರ ಆ ದಿನಕ್ಕೆ ದಾರಿ ಮಾಡಿದ್ದು ಈ ಅರೆ ಅಧಿಕಾರವೇ ಎಂದು ನಾನು ನಂಬುತ್ತೇನೆ. ಅದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ.

ಓಸ್ತಿಯಾ ಎಂಬ ಹೆಸರು ಹುಟ್ಟಿದ್ದು ಬಾಯಿ ಎಂಬರ್ಥದ ಲ್ಯಾಟಿನ್ ಪದದಿಂದ. ಕನ್ನಡದಲ್ಲಿ ಅದಕ್ಕೆ ಅಳಿವೆ ಎಂಬ ಚೆಂದದ ಮಾತಿದೆ. ಟೈಬರ್ ನದಿ ಕಡಲು ಸೇರುವ ಜಾಗವದು. ಪ್ರಾಚೀನ ರೋಮಿನ ಬಂದರು, ಉಪ್ಪಿನ ಆಗರಗಳಿದ್ದ ನೆಲ. ನದಿ ಹೂಳು ತಂದು ಸುರಿಯುತ್ತ ಹೋಯಿತು, ದಡ ಮುಂದಕ್ಕೆ ಸರಿಯಿತು, ಬಂದರು ಸತ್ತಿತು. ಉಳಿದದ್ದು ಜವುಗು ಮತ್ತು ಮಲೇರಿಯಾ.

ಆ ಜವುಗನ್ನು ಬತ್ತಿಸಿದವರು ರೋಮಿನವರಲ್ಲ. 1884ರ ನವೆಂಬರ್‌ನಲ್ಲಿ ಉತ್ತರದ ರಾವೆನ್ನಾದಿಂದ ಸುಮಾರು 500 ಕೂಲಿಯಾಳುಗಳು ಬಂದಿಳಿದರು. ಹಿಂದಿನ ವರ್ಷವಷ್ಟೇ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡಿದ್ದ ಬಡವರು ಅವರು. ಗುದ್ದಲಿ ಹಿಡಿದು ಕಾಲುವೆ ತೋಡಿದರು, ಪಂಪುಗಳಿಂದ ನೀರೆತ್ತಿ ಹೊರಹಾಕಿದರು. ಹಲವರು ಜ್ವರಕ್ಕೆ ಬಲಿಯಾದರು, ಉಳಿದವರಲ್ಲಿ ಕೆಲವರು ಇಲ್ಲೇ ನೆಲೆ ನಿಂತರು. ಇಂದು ಓಸ್ತಿಯಾದಲ್ಲಿ ಕಡಲೊಳಗೆ ಚಾಚಿರುವ ಸೇತುವೆಯ ಎದುರಿನ ಚೌಕಕ್ಕೆ ರಾವೆನ್ನಾದವರ ಹೆಸರೇ ಇದೆ. ಸಂಜೆ ಗಾಳಿ ಸೇವನೆಗೆ ಬರುವ ಜನ ನಿಲ್ಲುವುದು ಆ ಕೂಲಿಯಾಳುಗಳ ಹೆಸರಿನ ನೆಲದ ಮೇಲೆ. ಅರಸರಿಗೆ, ಸೇನಾಪತಿಗಳಿಗೆ ಚೌಕಗಳನ್ನು ಹಂಚುವ ದೇಶದಲ್ಲಿ ಇದು ಸಣ್ಣ ಗೌರವವಲ್ಲ.

ಇಪ್ಪತ್ತನೇ ಶತಮಾನದಲ್ಲಿ ರೋಮಿಗೆ ತನ್ನ ಕಡಲು ನೆನಪಾಯಿತು. 1924ರಲ್ಲಿ ರೈಲು ಬಂತು, 1928ರಲ್ಲಿ ನೇರ ರಸ್ತೆ. ಇವತ್ತಿನ ಮುನಿಚೀಪಿಯೊ ಕಚೇರಿ ಇರುವುದೂ ಅದೇ ದಶಕದ ಕಟ್ಟಡದಲ್ಲಿ, 'ಹಳೇ ನಿಲ್ದಾಣದ ಚೌಕ'ದಲ್ಲಿ. ಅದರ ಹೆಸರು ಗವರ್ನಟೊರಾತೊ ಭವನ. ಗವರ್ನಟೊರಾತೊ ಎಂದರೆ ಫ್ಯಾಸಿಸ್ಟರು ರೋಮ್‌ನ ಚುನಾಯಿತ ಪರಿಷತ್ತನ್ನು ತೆಗೆದುಹಾಕಿ, ಮೇಲಿನಿಂದ ನೇಮಿಸಿದ ಗವರ್ನರ್ ಕೈಗೆ ನಗರವನ್ನು ಒಪ್ಪಿಸಿದ ವ್ಯವಸ್ಥೆ. ಸ್ಥಳೀಯ ಸ್ವಯಮಾಡಳಿತದ ಕಚೇರಿ ಈಗಲೂ ಆ ಹೆಸರನ್ನು ಹೊತ್ತಿದೆ.

ಯುದ್ಧದ ನಂತರ ನಗರ ಉಬ್ಬಿತು. 1970ರ ದಶಕದಲ್ಲಿ ರೋಮ್‌ನ ಗುಡಿಸಲುಗಳಲ್ಲಿದ್ದ ಕುಟುಂಬಗಳನ್ನು ಓಸ್ತಿಯಾದ ಪಶ್ಚಿಮ ತುದಿಯ ಹೊಸ ಬಹುಮಹಡಿ ಮನೆಗಳಿಗೆ ಸಾಗಿಸಲಾಯಿತು. ಕಟ್ಟಡಗಳು ಖಾಸಗಿಯವರವು, ಬಾಡಿಗೆ ಕಟ್ಟುತ್ತಿದ್ದದ್ದು ಪಾಲಿಕೆ. ತಲೆಯ ಮೇಲೆ ಸೂರು ಸಿಕ್ಕಿತು, ನಿಜ. ಆದರೆ ನಗರದ ಬಡತನವನ್ನು ಕಣ್ಣಿಗೆ ಬೀಳದಷ್ಟು ದೂರ ಕಳುಹಿಸಿದಂತೆಯೂ ಆಯಿತು.

ನದಿಯಾಚೆಯ ಫಿಯುಮಿಚಿನೊ ಕೂಡ ಆಗ ರೋಮ್‌ನದೇ ಹದಿನಾಲ್ಕನೇ ವಿಭಾಗ. ದೇಶದ ಅತಿ ದೊಡ್ಡ ವಿಮಾನ ನಿಲ್ದಾಣ ಇರುವ ಆ ಊರು 1992ರಲ್ಲಿ ಪ್ರತ್ಯೇಕ ಪುರಸಭೆಯಾಗಿ ಹೊರನಡೆಯಿತು. ಅದು ಬಿಟ್ಟುಹೋದ ಸಂಖ್ಯೆಯನ್ನು ಬೇರೆ ಯಾರಿಗೂ ಕೊಡಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ರೋಮ್‌ನ ಪಟ್ಟಿಯಲ್ಲಿ ಹದಿಮೂರರ ನಂತರ ನೇರ ಹದಿನೈದು. ಓಸ್ತಿಯಾ ಕೂಡ ಎರಡು ಬಾರಿ, 1989 ಮತ್ತು 1999ರಲ್ಲಿ, ಬೇರ್ಪಡುವ ಬಗ್ಗೆ ಜನಮತಗಣನೆ ಕಂಡಿತು. ಎರಡೂ ಸಲ ಪ್ರಯತ್ನ ಕೈಗೂಡಲಿಲ್ಲ. 2001ರಲ್ಲಿ ವಿಭಾಗಗಳು ಮುನಿಚೀಪಿಯೊಗಳಾದವು. 2013ರಲ್ಲಿ ಹತ್ತೊಂಬತ್ತನ್ನು ಹದಿನೈದಕ್ಕೆ ಇಳಿಸಿದಾಗ ಹದಿಮೂರನೆಯದಾಗಿದ್ದ ಓಸ್ತಿಯಾ ಹತ್ತನೆಯದಾಯಿತು.

ಇನ್ನು ಕಡಲತೀರದ ಮಾತು. ಇಟಲಿಯಲ್ಲಿ ಮರಳು ಸರ್ಕಾರದ್ದು. ಕುರ್ಚಿ, ಕೊಡೆ, ಸ್ನಾನದ ಕೋಣೆ ಇಟ್ಟು ವ್ಯಾಪಾರ ಮಾಡುವವರಿಗೆ ಪರವಾನಗಿ ಕೊಡುತ್ತಾರೆ. ಓಸ್ತಿಯಾದಲ್ಲಿ ಈ ಪರವಾನಗಿದಾರರು ಗೋಡೆ, ಬೇಲಿ, ಕಟ್ಟಡಗಳನ್ನು ಎಬ್ಬಿಸುತ್ತ ಹೋದರು. ಕಡಲ ಬದಿಯ ರಸ್ತೆಗೆ ಇಟಾಲಿಯನ್ನರು 'ಲುಂಗೊಮಾರೆ' ಎನ್ನುತ್ತಾರೆ. ಮಾರೆ ಎಂದರೆ ಕಡಲು. ಇಲ್ಲಿನ ಜನ ಅದನ್ನು 'ಲುಂಗೊಮುರೊ' ಎಂದು ಕರೆಯತೊಡಗಿದರು. ಮುರೊ ಎಂದರೆ ಗೋಡೆ. ಕಡಲ ಪಕ್ಕದಲ್ಲೇ ನಡೆದರೂ ಉದ್ದಕ್ಕೂ ಕಾಣುವುದು ಗೋಡೆ. ನೀರಿನಂಚಿಗೆ ಹೋಗಲು ಎಲ್ಲರಿಗೂ ಉಚಿತ ದಾರಿ ಬಿಡಬೇಕೆಂದು ಕಾನೂನೇ ಹೇಳುತ್ತದೆ.

ಹಣ ಹರಿಯುವ ಆ ತೀರದ ಕಡತಗಳು ಮುನಿಚೀಪಿಯೊ ಕಚೇರಿಯಲ್ಲೇ ಸಾಗುತ್ತಿದ್ದವು. ಸಹಿ ಹಾಕಲು ಸಾಕಾಗುವಷ್ಟು ಅಧಿಕಾರ, ಒತ್ತಡ ತಡೆದು ನಿಲ್ಲಲು ಸಾಲದಷ್ಟು ಬಲ: ಸ್ಥಳೀಯ ಕುಳಗಳಿಗೆ ಇದಕ್ಕಿಂತ ಅನುಕೂಲ ಬೇಕಿರಲಿಲ್ಲ. 2013ರ ಬೇಸಿಗೆಯಲ್ಲಿ ಪೊಲೀಸರು ಇಲ್ಲಿನ ಅಪರಾಧಿ ಗುಂಪುಗಳ ಮೇಲೆ ದೊಡ್ಡ ದಾಳಿ ನಡೆಸಿದರು. 2015ರ ಮಾರ್ಚ್‌ನಲ್ಲಿ ಮುನಿಚೀಪಿಯೊ ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಜೂನ್‌ನಲ್ಲಿ ಬಂಧಿತರಾದರು. ಆಗಸ್ಟ್‌ನಲ್ಲಿ ವಿಸರ್ಜನೆ. ಓಸ್ತಿಯಾದ ಒಂದು ಕುಟುಂಬದ ಗುಂಪು ಮಾಫಿಯಾವೇ ಹೌದು ಎಂದು 2019ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಎತ್ತಿಹಿಡಿಯಿತು.

ಮತ ಹಾಕುವ ದಿನ ಬಂದದ್ದು 2017ರ ನವೆಂಬರ್‌ನಲ್ಲಿ, ಎರಡು ವರ್ಷ ದಾಟಿದ ಮೇಲೆ. ಮೊದಲ ಸುತ್ತು ಮುಗಿದ ಎರಡೇ ದಿನಕ್ಕೆ, ಪ್ರಶ್ನೆ ಕೇಳುತ್ತಿದ್ದ ಟಿವಿ ವರದಿಗಾರನಿಗೆ ಆ ಗುಂಪುಗಳಲ್ಲೊಂದರವನು ಕ್ಯಾಮೆರಾ ಎದುರೇ ತಲೆಯಿಂದ ಗುದ್ದಿ ಮೂಗು ಮುರಿದ. ಇಡೀ ದೇಶ ಆ ದೃಶ್ಯ ನೋಡಿತು. ಆದರೂ ಎರಡನೇ ಸುತ್ತಿನಲ್ಲಿ ಮತಗಟ್ಟೆಗೆ ಬಂದವರು ಮೂವರಲ್ಲಿ ಒಬ್ಬರಷ್ಟೇ. ಉಳಿದವರು ಸೋಮಾರಿಗಳು ಎಂದು ನಾನು ಹೇಳಲಾರೆ. ತಮ್ಮ ಮತದಿಂದ ಗೆದ್ದವರ ಕೈಯಲ್ಲಿ ಎಷ್ಟಿದೆ ಎಂಬುದು ಅವರಿಗೆ ಗೊತ್ತಿತ್ತು.

ಇಲ್ಲಿನವರ ದಿನನಿತ್ಯದ ಗೋಳು ಮಾತ್ರ ಇವೆಲ್ಲಕ್ಕಿಂತ ಸಣ್ಣದು: ರೋಮ್‌ಗೆ ಕೆಲಸಕ್ಕೆ ಹೋಗುವ ರೈಲು. ತಡವಾಗಿ ಬರುವ, ಕೆಟ್ಟು ನಿಲ್ಲುವ, ಉಸಿರಾಡಲು ಜಾಗವಿಲ್ಲದ ಆ ಸುಮಾರು 28 ಕಿಲೋಮೀಟರ್ ಮಾರ್ಗ ಪ್ರಯಾಣಿಕರ ಪಾಲಿಗೆ ಇಟಲಿಯ ಅತಿ ಕೆಟ್ಟ ಮಾರ್ಗಗಳಲ್ಲಿ ಒಂದೆಂದು ವರ್ಷವರ್ಷವೂ ಹೆಸರು ಕೆಡಿಸಿಕೊಂಡಿತು. 2022ರ ಜುಲೈನಲ್ಲಿ ಅದನ್ನು ನಗರದ ಸಾರಿಗೆ ಸಂಸ್ಥೆಯಿಂದ ತೆಗೆದು ಲಾತ್ಸಿಯೊ ಪ್ರಾಂತ್ಯದ ಸಂಸ್ಥೆಗಳಿಗೆ ಒಪ್ಪಿಸಲಾಯಿತು, ಮೆಟ್ರೊಮಾರೆ ಎಂಬ ಹೊಸ ಹೆಸರೂ ಬಂತು. ಹಳೇ ನಿಲ್ದಾಣದ ಚೌಕದಲ್ಲಿ ಕೂರುವ ಮುನಿಚೀಪಿಯೊಗೆ ಅದರ ವೇಳಾಪಟ್ಟಿಯ ಒಂದು ಸಾಲನ್ನು ಬದಲಿಸುವ ಅಧಿಕಾರವೂ ಇಲ್ಲ.